ಮುಪ್ಪಿನ ಕಾಲದಲ್ಲಿ ಕಾಣುವ ಸೊಬಗು



ಮುಪ್ಪಾದವರನ್ನು ಕುರಿತು ನಮ್ಮ ಊರುಗಳಲ್ಲಿ ಒಂದು ಗಾದೆಯುಂಟು: ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ. ಇಲ್ಲಿ ಕಾಡು ಎಂದರೆ ಯಾವ ಕಾಡೆಂಬದು ಎಲ್ಲರಿಗೂ ತಿಳಿದದ್ದೇ. ಹೋದ ವರುಷ ಬೆಳೆಹಬ್ಬದ ಆರಾಧನೆಯು ಮುಗಿದು ಜನರೆಲ್ಲರು ಮನೆಗಳಿಗೆ ಹೊರಟ ಮೇಲೆ ನಮ್ಮ ಸಭೆಯ ಹಿರಿಯರೊಬ್ಬರು ದೇವಾಲಯದ ಕಟ್ಟೆಯ ಮೇಲೆ ಕೋಲನ್ನೂರಿ ಕುಳಿತುಕೊಂಡು ಇದೇ ಗಾದೆಯನ್ನು ನಮಗೆ ಹೇಳಿದರು. ಅವರಿಗೆ ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಎರಡು ಜೋಡಿ ಎತ್ತುಗಳನ್ನು ಕಟ್ಟಿ ಒಕ್ಕಲುತನ ಮಾಡಿದವರು.

"ಅಯ್ಯನವರೇ, ಬೆಳೆ ಬಂತೆಂದು ನೀವು ಸ್ತೋತ್ರ ಮಾಡಿಸಿದಿರಿ, ಒಳ್ಳೇದು. ಆದರೆ ಮುಂದೆ ತಂದಿಟ್ಟ ಜೋಳದ ತೆನೆ ನನಗೆ ನೆಟ್ಟಗೆ ಕಾಣಲೂ ಇಲ್ಲ. ಹೊಲಕ್ಕೆ ಹೋಗಲಾರೆ. ದಿನವೆಲ್ಲಾ ಅದೇ ಅಂಗಳ, ಅದೇ ಬೇವಿನ ಮರ, ಅದೇ ಗೋಡೆ. ನೋಡತಕ್ಕದ್ದನ್ನೆಲ್ಲಾ ನೋಡಿ ಮುಗಿಸಿದ್ದೇನೆ. ಉಟ್ಟ ಧೋತರವನ್ನಾದರೂ ಬೆಳ್ಳಗೆ ಉಡೋಣವೆಂದರೆ ಸೊಸೆಗೆ ಒಗೆಯಲಿಕ್ಕೆ ಬಾರದು. ಅರಿಷಿಣದ ನೀರಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ."

ಅವರನ್ನು ಕೈಹಿಡಿದು ಕರಕೊಂಡು ಹೋಗಲು ಬಂದಿದ್ದ ಸೊಸೆಯು ಹತ್ತಿರವೇ ನಿಂತಿದ್ದಳು. ಆಕೆಯು ಏನೂ ಹೇಳದೆ ತಲೆ ತಗ್ಗಿಸಿದಳು. ನಮಗೂ ಆ ಹೊತ್ತಿನಲ್ಲಿ ತಕ್ಕ ಉತ್ತರವು ತೋಚಲಿಲ್ಲ. ಆದಕಾರಣ ಆ ಮಾತನ್ನು ಮನೆಗೆ ಒಯ್ದು ಅನೇಕ ದಿವಸ ಯೋಚಿಸಿದೆವು. ಈ ತಿಂಗಳ ಪಾಠವು ಆ ಯೋಚನೆಯಿಂದ ಹುಟ್ಟಿದ್ದೇ.

ಮುಪ್ಪು ನಮ್ಮಿಂದ ಏನನ್ನೂ ಕಸಿದುಕೊಳ್ಳುವದಿಲ್ಲವೆಂದು ಮುದುಕರಿಗೆ ಸಮಾಧಾನ ಹೇಳುವವರುಂಟು. ಅದು ಸುಳ್ಳು ಸಮಾಧಾನ. ಕಣ್ಣಿನೊಳಗೆ ಬೆಳಕನ್ನು ಕೂಡಿಸುವ ತಿಳಿಯಾದ ಮಸೂರವೊಂದು ಇರುತ್ತದೆ. ನಾಲ್ವತ್ತು ವರುಷವಾಗುತ್ತಲೇ ಅದು ಗಡುಸಾಗುತ್ತಾ ಬಂದು ಹತ್ತಿರದ ಅಕ್ಷರಕ್ಕೆ ಬಾಗದಂತಾಗುವದು. ಆಗ ಪುಸ್ತಕವನ್ನು ಕೈಚಾಚಿ ದೂರ ಹಿಡಿಯುತ್ತೇವೆ. ಕಿವಿಯ ಸಂಗತಿಯು ಬೇರೆ. ಒಳಗಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿದ ಅಂಗವಿದ್ದು ಅದರೊಳಗೆ ಕೂದಲಿಗಿಂತ ನವುರಾದ ಕುಚ್ಚುಗಳುಳ್ಳ ಕಣಗಳು ಸಾಲಾಗಿ ನಿಂತಿರುತ್ತವೆ. ಶಂಖದ ಬಾಯಿಯ ಹತ್ತಿರ ಇರುವವುಗಳು ಸಣ್ಣ, ಎತ್ತರದ ದನಿಗಳನ್ನು ಹಿಡಿಯುತ್ತವೆ. ಒಳಸುರುಳಿಯಲ್ಲಿ ಇರುವವುಗಳು ದಪ್ಪ ದನಿಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಬಾಯಿಯ ಹತ್ತಿರದವುಗಳೇ ಮೊದಲು ಸವೆದುಹೋಗುವವು, ಮತ್ತು ಮನುಷ್ಯನಲ್ಲಿ ಅವು ತಿರಿಗಿ ಹುಟ್ಟುವದಿಲ್ಲ. ಹೀಗಿರಲಾಗಿ ಪೊದೆಯೊಳಗಿಂದ ಗುಮ್ ಗುಮ್ ಎಂದು ಕೂಗುವ ಕೆಂಬೂತವು ಮುದುಕನಿಗೂ ಕೇಳಿಸುತ್ತದೆ, ದಾಸವಾಳದ ಮೇಲೆ ಕುಳಿತ ಸೂರಕ್ಕಿಯ ಎಳೆದನಿಯು ಕೇಳಿಸುವದಿಲ್ಲ.

ಇದನ್ನು ಪುಸ್ತಕದಿಂದ ಮಾತ್ರವೇ ಬರೆಯುತ್ತಿಲ್ಲ. ಎರಡು ವರುಷದ ಕೆಳಗೆ ನಮ್ಮ ಮೊಮ್ಮಗಳು ಅಂಗಳದ ದಾಸವಾಳದ ಗಿಡವನ್ನು ತೋರಿಸಿ, "ಅಜ್ಜಾ, ಎಷ್ಟು ಚೆಂದ ಹಾಡುತ್ತದೆ, ಕೇಳು" ಅಂದಳು. ನಾವು ನೋಡಿದೆವು. ಹಕ್ಕಿಯು ಕೊಕ್ಕನ್ನು ತೆರೆದಿತ್ತು, ಅದರ ಗಂಟಲು ನಡುಗುತ್ತಿತ್ತು, ಬಿಸಿಲಲ್ಲಿ ಎದೆಯು ನೀಲಿಯಾಗಿಯೂ ನೇರಳೆಯಾಗಿಯೂ ಹೊಳೆಯಿತು. ದನಿಯು ಮಾತ್ರ ಇರಲಿಲ್ಲ. ಕೂಸಿಗೆ ಬೇಸರವಾಗಬಾರದೆಂದು "ಹೌದಮ್ಮಾ" ಅಂದು ಒಳಗೆ ಹೋಗಿ ಕುಳಿತೆವು. ಆ ಹೊತ್ತಿನ ದುಃಖವನ್ನು ದೊಡ್ಡದು ಮಾಡಿ ಹೇಳುವದಿಲ್ಲ, ಇರಲಿಲ್ಲವೆಂತಲೂ ಹೇಳುವದಿಲ್ಲ.

ಇಂಥಾ ದುಃಖವನ್ನು ನಮಗಿಂತ ಮುಂಚೆ ಕಂಡು, ಅದರ ಆಚೆಗೆ ದಾರಿಯನ್ನು ಹುಡುಕಿಕೊಂಡ ಹಳ್ಳಿಯ ಪಾದ್ರಿಯೊಬ್ಬರ ಚರಿತ್ರೆಯನ್ನು ಈಗ ವಾಚಕರ ಮುಂದೆ ಇಡುತ್ತೇವೆ.

ಇಂಗ್ಲೆಂಡ್ ದೇಶದ ಹ್ಯಾಂಪ್‌ಶೈರ್ ಸೀಮೆಯಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯುಂಟು. ಅಲ್ಲಿ 1720ರಲ್ಲಿ ಗಿಲ್ಬರ್ಟ್ ವೈಟ್ ಎಂಬವರು ಹುಟ್ಟಿದರು. ಅವರ ಅಜ್ಜನು ಆ ಹಳ್ಳಿಯ ಪಾದ್ರಿಯಾಗಿದ್ದನು. ವೈಟರು ಆಕ್ಸ್‌ಫರ್ಡಿನಲ್ಲಿ ಓದಿದವರಾದರೂ ಹುಟ್ಟಿದ ಹಳ್ಳಿಗೇ ತಿರಿಗಿ ಬಂದು, ನೆರೆಯ ಊರಿನಲ್ಲಿಯೂ ತಮ್ಮ ಊರಿನಲ್ಲಿಯೂ ಸಹಾಯಕ ಪಾದ್ರಿಯಾಗಿ ಸೇವೆ ಮಾಡಿದರು. ಮದುವೆಯಾಗಲಿಲ್ಲ. ಅಣ್ಣತಮ್ಮಂದಿರ ಅಕ್ಕತಂಗಿಯರ ಮಕ್ಕಳು ಹುಟ್ಟಿದ ಹಾಗೆಲ್ಲಾ ಅವರ ಎಣಿಕೆಯನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದರು; ಆ ಎಣಿಕೆಯು ಕಡೆಗೆ 60ನ್ನು ದಾಟಿತು.

ಅವರ ದಿನಚರಿಯೇ ನಮಗೆ ಮುಖ್ಯವಾದದ್ದು. 1751ರಿಂದಲೇ ತೋಟದ ಲೆಕ್ಕವನ್ನು ಬರೆದಿಡುತ್ತಿದ್ದರು. 1768ರಿಂದ, ಅಂದರೆ ತಮ್ಮ 47ನೆಯ ವಯಸ್ಸಿನಿಂದ, ಗೆರೆ ಹಾಕಿ ಮನೆ ಮನೆಯಾಗಿ ಅಚ್ಚಾದ ಹಾಳೆಗಳಲ್ಲಿ ಬರೆಯತೊಡಗಿದರು. ಒಂದು ಮನೆಯಲ್ಲಿ ಗಾಳಿ, ಒಂದರಲ್ಲಿ ಮಳೆ, ಒಂದರಲ್ಲಿ ಸೆಕೆಚಳಿ, ಒಂದರಲ್ಲಿ ಮೊದಲು ಅರಳಿದ ಹೂವು, ಒಂದರಲ್ಲಿ ಬಂದ ಹಕ್ಕಿ ಹೋದ ಹಕ್ಕಿ. ಇದರಲ್ಲಿ ದೊಡ್ಡ ಸಮಾಚಾರವೇನೂ ಇಲ್ಲ. ಸೌತೆಕಾಯಿ ಹಿಡಿಯಿತು, ಹುಲ್ಲು ಕೊಯ್ದರು, ಮಂಜು ಬಿತ್ತು, ಇಷ್ಟೇ. ಆದರೂ ಅವರು ಇದನ್ನು 25 ವರುಷ ಬಿಡದೆ ನಡಿಸಿದರು. ಗದ್ದೆಯ ಪೈರಿನಲ್ಲಿ ಗೂಡು ಕಟ್ಟುವ ಅತಿ ಸಣ್ಣ ಇಲಿಯೊಂದನ್ನು ಇಂಗ್ಲೆಂಡಿನಲ್ಲಿ ಬೇರೆ ಜಾತಿಯೆಂದು ಮೊದಲು ಗುರುತಿಸಿದವರು ಇವರೇ. ಬೆಳೆದ ಇಲಿಗಳೆರಡನ್ನು ತಕ್ಕಡಿಯಲ್ಲಿಟ್ಟರೆ ಒಂದು ತಾಮ್ರದ ಅರ್ಧಪೆನ್ನಿ ನಾಣ್ಯದ ತೂಕವಾಯಿತಂತೆ. ನೋಡಲಿಕ್ಕೆ ಒಂದೇ ತೆರನಾಗಿದ್ದ ಮೂರು ಚಿಕ್ಕ ಹಕ್ಕಿಗಳನ್ನು ಮುಖ್ಯವಾಗಿ ಅವುಗಳ ದನಿಯ ಭೇದದಿಂದಲೇ ಮೂರು ಜಾತಿಗಳೆಂದು ಬೇರ್ಪಡಿಸಿದರು. ಅಷ್ಟು ಸೂಕ್ಷ್ಮವಾದ ಕಿವಿ ಅವರದು.

ಆ ಕಿವಿಯೇ ಕೆಟ್ಟಿತು. 1774ರಲ್ಲಿ, ತಮ್ಮ 54ನೆಯ ವಯಸ್ಸಿನಲ್ಲಿ, ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಅವರು ಇದನ್ನು ಮರೆಮಾಡದೆ ತಿಳಿಸಿದ್ದಾರೆ. ಕಿವುಡು ಪದೇ ಪದೇ ಬರುತ್ತದೆ, ಅದು ಬಂದಾಗ ಹಳ್ಳಿಯ ಚಿಕ್ಕ ಚಿಕ್ಕ ಸಪ್ಪಳಗಳಿಂದ ಸಿಕ್ಕುತ್ತಿದ್ದ ಸಂತೋಷವೂ ಸೂಚನೆಗಳೂ ತಪ್ಪಿಹೋಗುತ್ತವೆ, ಹಕ್ಕಿಗಳೆಲ್ಲಾ ಹಾಡುವ ಮೇ ತಿಂಗಳು ತನಗೆ ಅವು ಸುಮ್ಮನಿರುವ ಆಗಸ್ಟಿನ ಹಾಗಿರುತ್ತದೆ ಎಂಬದು ಅದರ ಅಭಿಪ್ರಾಯ. ಇದನ್ನು ಓದಿದಾಗ ನಮಗೆ ದಾಸವಾಳದ ಗಿಡವು ನೆನಪಾಯಿತು. ಆದರೆ ಅದೇ ಪತ್ರದಲ್ಲಿ ಅವರು ತಮ್ಮ ಕಣ್ಣು ಇನ್ನೂ ಚುರುಕಾಗಿದೆಯೆಂದು ದೇವರನ್ನು ಸ್ತುತಿಸುತ್ತಾರೆ. ಆ ಪತ್ರವು ಬಾನಾಡಿಗಳನ್ನು ಕುರಿತದ್ದು. ಬಾನಾಡಿಯು ಹಾಡುವ ಹಕ್ಕಿಯಲ್ಲ. ಅದರ ಚೆಲುವೆಲ್ಲಾ ಹಾರಾಟದಲ್ಲಿದೆ. ಮುಂದೆ 1778ರ ಪತ್ರವೊಂದರಲ್ಲಿ ತಮ್ಮ ಊರಿಗೆ ವರುಷ ವರುಷವೂ ಎಂಟೇ ಜೋಡಿ ಬಾನಾಡಿಗಳು ಬರುತ್ತವೆಂದು ಬರೆದರು. ಸುಮಾರು ಅರ್ಧ ದೇವಾಲಯದಲ್ಲಿ, ಉಳಿದವು ಬಡವರ ತಗ್ಗಾದ ಹುಲ್ಲುಮನೆಗಳಲ್ಲಿ ಗೂಡುಮಾಡುತ್ತಿದ್ದವು. ಪ್ರತಿ ವರುಷವೂ ಮರಿಗಳು ಹುಟ್ಟುತ್ತವಲ್ಲಾ, ಆದರೂ ಜೋಡಿಗಳು ಎಂಟೇ. ಮಿಕ್ಕವುಗಳು ಎಲ್ಲಿ ಹೋಗುತ್ತವೆ? ಈ ಪ್ರಶ್ನೆಯನ್ನು ಕೇಳಬೇಕಾದರೆ ಒಂದೇ ಊರಿನಲ್ಲಿ ಬಹಳ ವರುಷ ಕುಳಿತವನಾಗಿರಬೇಕು. ದೇಶ ತಿರುಗುವ ಪ್ರಾಯದವನಿಗೆ ಎಂಟು ಜೋಡಿ ಕಾಣಬಹುದು, ತಿರಿಗಿ ಎಂಟೇ ಜೋಡಿ ಎಂಬದು ಕಾಣುವದಿಲ್ಲ.

ಅವರ ಮನೆಯ ಹಿಂದೆ ಮರಗಳು ತುಂಬಿದ ಕಡಿದಾದ ಗುಡ್ಡವಿದೆ. ಪ್ರಾಯದಲ್ಲಿ, 1753ರಲ್ಲಿ, ತಮ್ಮನ ಸಂಗಡ ಅದನ್ನು ಹತ್ತಲು ಅಂಕುಡೊಂಕಾದ ದಾರಿಯನ್ನು ಮಾಡಿದ್ದರು. 1780ರಲ್ಲಿ ಅದೇ ಗುಡ್ಡಕ್ಕೆ ಇನ್ನೊಂದು ದಾರಿಯನ್ನು ಕಡಿದರು. ಇದು ಓರೆಯಾಗಿ, ಮೆಲ್ಲಗೆ ಏರುವ ದಾರಿ. ಆಗ ವೈಟರಿಗೆ 60 ವರುಷ. ಅದನ್ನು ಅವರ ಮೊಣಕಾಲಿಗಾಗಿಯೇ ಕಡಿದರೆಂದು ನಾವು ಹೇಳಲಾರೆವು. ಆದರೂ ಎರಡು ದಾರಿಗಳೂ ಒಂದೇ ಗುಡ್ಡದ ಮೇಲಕ್ಕೆ ಮುಟ್ಟಿಸುತ್ತವೆ, ಮತ್ತು ಎರಡೂ ಇಂದಿಗೂ ಇವೆ.

ಅದೇ ವರುಷ ಅವರ ಮನೆಗೆ ಒಂದು ಆಮೆಯು ಬಂತು. ರಿಂಗ್‌ಮರ್ ಎಂಬ ಊರಿನಲ್ಲಿದ್ದ ಅವರ ಅತ್ತೆಯು ಆ ಆಮೆಯನ್ನು ಮೂವತ್ತು ವರುಷಕ್ಕೂ ಮಿಕ್ಕಿ ಸಾಕಿದ್ದರು. ಅನ್ಯರು ಬಂದರೆ ಲಕ್ಷ್ಯಮಾಡದ ಆ ಪ್ರಾಣಿಯು ಮೇವು ಕೊಡುವ ಆ ಮುದುಕಿಯನ್ನು ಕಂಡ ಕೂಡಲೆ ತೊಡರುತ್ತಾ ತೊಡರುತ್ತಾ ಹತ್ತಿರ ಬರುತ್ತಿತ್ತೆಂದು ವೈಟರು ಮುಂಚೆಯೇ ಗಮನಿಸಿದ್ದರು. ಅತ್ತೆಯು ತೀರಿಕೊಂಡ ಮೇಲೆ ಮಣ್ಣೊಳಗೆ ಚಳಿನಿದ್ರೆಯಲ್ಲಿದ್ದ ಅದನ್ನು ಅಗೆದು ತೆಗೆದು, ಗಾಡಿಯಲ್ಲಿ 80 ಮೈಲು ದೂರ ತಂದು ತಮ್ಮ ತೋಟದಲ್ಲಿ ಬಿಟ್ಟರು. ಅಲ್ಲಿಂದ ಮುಂದಕ್ಕೆ ಆಮೆಯೂ ದಿನಚರಿಯೊಳಗೆ ಸೇರಿತು. ಎಂದು ಎದ್ದಿತು, ಎಂದು ಮಣ್ಣು ಸೇರಿತು, ಎಷ್ಟು ತೂಕವಾಯಿತು ಎಂಬದೆಲ್ಲಾ ಬರೆಯಲ್ಪಟ್ಟಿತು. ಗಾಡಿಯ ಚಕ್ರದ ಭಾರವನ್ನೇ ತಾಳುವಂಥ ಚಿಪ್ಪುಳ್ಳ ಈ ಪ್ರಾಣಿಯು ನಾಲ್ಕು ಹನಿ ಮಳೆಗೆ ಹೆದರಿ ಮರೆಗೆ ಓಡುವದನ್ನು ಕಂಡು ಅವರು ನಕ್ಕಿರಬೇಕು. ಒಂದು ಸಾರಿ ದನಿಯನ್ನು ದೊಡ್ಡದು ಮಾಡುವ ತುತ್ತೂರಿಯಲ್ಲಿ ಅದರ ಕಡೆಗೆ ಗಟ್ಟಿಯಾಗಿ ಕೂಗಿದರು. ಆಮೆಯು ಲಕ್ಷ್ಯಕ್ಕೇ ತರಲಿಲ್ಲ. ಕಿವಿ ಮಂದವಾದವರೊಬ್ಬರು ಆಮೆಯ ಕಿವಿಯನ್ನು ಪರೀಕ್ಷಿಸುವ ಆ ನೋಟವನ್ನು ನೆನಸಿದಾಗೆಲ್ಲಾ ನಮಗೂ ನಗು ಬರುತ್ತದೆ.

ಅವರು ಎಲ್ಲವನ್ನೂ ತಿಳಿದರೆಂದು ಯಾರೂ ಭಾವಿಸಬಾರದು. ಚಳಿಗಾಲದಲ್ಲಿ ಕವಲುತೋಕೆಗಳೂ ಬಾನಾಡಿಗಳೂ ಎಲ್ಲಿ ಹೋಗುವವೆಂಬದು ಅವರಿಗೆ ಕಡೆಯ ವರೆಗೂ ಇತ್ಯರ್ಥವಾಗಲಿಲ್ಲ. ದೂರ ದೇಶಕ್ಕೆ ಹೋಗುವವೆಂದು ಒಂದು ಮನಸ್ಸು, ಕೆಲವಾದರೂ ಊರಲ್ಲೇ ಅಡಗಿ ನಿದ್ರೆಮಾಡುವವೆಂದು ಇನ್ನೊಂದು ಮನಸ್ಸು. ಪೊದೆಗಳಲ್ಲಿ ಹುಡುಕಿಸಿಯೂ ನೋಡಿದರು. ಈಗ ನಮಗೆ ತಿಳಿದಿರುವ ಪ್ರಕಾರ ಆ ಹಕ್ಕಿಗಳು ಆಫ್ರಿಕಾ ಖಂಡಕ್ಕೆ ಹೋಗುತ್ತವೆ. ಮತ್ತು ಕೆಲವು ಬಾನಾಡಿಗಳು ಹತ್ತು ತಿಂಗಳ ಕಾಲ ನೆಲವನ್ನೂ ಕೊಂಬೆಯನ್ನೂ ಮುಟ್ಟದೆ ಗಾಳಿಯಲ್ಲೇ ಇರುತ್ತವೆಂದು ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿಕೊಟ್ಟರು. ಪಾದ್ರಿಗಳು ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಆದರೆ ತಿಳಿಯದೆ ಹೋದದ್ದರಿಂದ ಅವರ ನೋಟದ ಸುಖವು ಕುಂದಲಿಲ್ಲ. ಪ್ರತಿ ವಸಂತದಲ್ಲಿಯೂ ಮೊದಲ ಕವಲುತೋಕೆಗಾಗಿ ಕಾದರು. ಅವರ ಪತ್ರಗಳು 1789ರಲ್ಲಿ ಪುಸ್ತಕವಾಗಿ ಹೊರಟವು, ಮತ್ತು ಆ ಪುಸ್ತಕವನ್ನು ಜನರು ಇಂದಿಗೂ ಓದುತ್ತಾರೆ. ದಿನಚರಿಯ ಕಡೆಯ ಸಾಲು 1793ರ ಜೂನ್ 15ರದು. ಅದೇ ತಿಂಗಳ 26ರಂದು, 72ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಮಾಧಿಯ ಚಿಕ್ಕ ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರಗಳೂ ಆ ತಾರೀಕೂ ಮಾತ್ರ ಇವೆ.

ಇಷ್ಟನ್ನು ಓದಿಕೊಂಡ ಮೇಲೆ ನಾವು ಆ ಹಿರಿಯರ ಮನೆಗೆ ಹೋಗಿ ಕೂಡ್ರಿದೆವು. ಉಪದೇಶ ಮಾಡಲಿಲ್ಲ. "ಅಜ್ಜನವರೇ, ಈ ಬೇವು ಸಾಮಾನ್ಯವಾಗಿ ಎಂದು ಹೂಬಿಡುತ್ತದೆ?" ಎಂದು ಮಾತ್ರ ಕೇಳಿದೆವು. ಯುಗಾದಿಯ ಆಸುಪಾಸು ಎಂದು ಯಾರಾದರೂ ಹೇಳುವರು. ಅಜ್ಜನವರು ಹಾಗೆ ಹೇಳಿ ನಿಲ್ಲಿಸಲಿಲ್ಲ. ತಮ್ಮ ಮದುವೆಯ ವರುಷ ಅದಕ್ಕೆ ಮುಂಚೆಯೇ ಬಿಟ್ಟಿತ್ತು, ದೊಡ್ಡ ಮಗನು ಹುಟ್ಟಿದ ವರುಷ ಆಲಿಕಲ್ಲು ಬಿದ್ದು ಹೂವೆಲ್ಲಾ ಅಂಗಳದಲ್ಲಿ ಹಾಸಿತ್ತು, ಬಾವಿ ಬತ್ತಿದ ವರುಷ ಎಂದೂ ಇಲ್ಲದಷ್ಟು ಹೂವು ಬಿಟ್ಟು ರಾತ್ರಿಯೆಲ್ಲಾ ವಾಸನೆಗೆ ನಿದ್ದೆ ಬರಲಿಲ್ಲ ಎಂದು ಅರ್ಧ ತಾಸು ಹೇಳಿದರು. ಅದೇ ಬೇವಿನ ಮರ ಎಂದು ಬೇಸರಪಟ್ಟವರು ಇವರೇ. ನಮ್ಮ ಮೊಮ್ಮಗಳು ಆ ಮರವನ್ನು ನೋಡಿದರೆ ಒಂದು ಮರವನ್ನು ಕಾಣುವಳು. ಅಜ್ಜನವರು ನೋಡಿದರೆ ಐವತ್ತು ವರುಷದ ಐವತ್ತು ಮರಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಇಂಥಾ ನೋಟವು ಪ್ರಾಯದವರಿಗೆ ಹಣ ಕೊಟ್ಟರೂ ಸಿಕ್ಕಲಾರದು.

ಅವರಿಗೆ ಓದುಬರಹ ಬಾರದು. ಆದಕಾರಣ ಶಾಲೆಗೆ ಹೋಗುವ ಮೊಮ್ಮಗನ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ಅಜ್ಜನು ಹೇಳಿದ್ದನ್ನು ದಿನಕ್ಕೆ ಒಂದು ಸಾಲು ಬರೆ ಎಂದು ಹೇಳಿ ಬಂದೆವು. ಎರಡು ದಿನ ನಡೆಯಿತು. ಮೂರನೆಯ ದಿನ ಹುಡುಗನು ಆಟಕ್ಕೆ ಹೋಗುವ ಅವಸರದಲ್ಲಿ "ಇಂದು ಏನೂ ಇಲ್ಲ" ಎಂದು ತಾನೇ ಬರೆದು ಓದಿ ಹೇಳಿದನು. ಅಜ್ಜನವರಿಗೆ ಸಿಟ್ಟು ಬಂತು. "ಏನೂ ಇಲ್ಲದ ದಿನ ಇರುತ್ತದೇನೋ? ಬೆಳಿಗ್ಗೆ ಮಂಜು ಬಿದ್ದು ಅಂಗಳದ ಕಲ್ಲು ತಣ್ಣಗಿತ್ತು, ಕಾಲಿಗೆ ತಿಳಿಯಿತು, ಬರೆ. ಕೆಂಬೂತ ಹಿತ್ತಿಲಲ್ಲಿ ಕೂಗಿತು, ಬರೆ. ತಂತಿಯ ಮೇಲೆ ಕವಲುತೋಕೆ ಎಷ್ಟು ಕೂತಿವೆ, ಹೋಗಿ ಎಣಿಸಿ ಬಾ." ಹುಡುಗನು ಎಣಿಸಿ ಹದಿನಾಲ್ಕು ಎಂದನು. ನೋಡತಕ್ಕದ್ದನ್ನೆಲ್ಲಾ ನೋಡಿ ಮುಗಿಸಿದವರು ಮರುದಿನ ಬೆಳಿಗ್ಗೆ ಎದ್ದ ಕೂಡಲೆ, ಹದಿನಾಲ್ಕೂ ಇವೆಯೋ ಎಂದು ವಿಚಾರಿಸಿದರಂತೆ. ಈ ಹಕ್ಕಿಗಳು ಮಳೆಗಾಲ ಮುಗಿಯುವಾಗ ಉತ್ತರದಿಂದ ನಮ್ಮ ಸೀಮೆಗೆ ಬಂದು ಬೇಸಿಗೆಯಲ್ಲಿ ತಿರಿಗಿ ಹೋಗುತ್ತವೆಂಬದು ವಾಚಕರಿಗೆ ತಿಳಿದಿರಬಹುದು.

ಇಲ್ಲಿ ಒಂದು ಮಾತನ್ನು ಹೇಳದೆ ಹೋದರೆ ಪಾಠವು ಅರ್ಧವಾಗುವದು. ಮುಪ್ಪು ತೆಗೆದುಕೊಂಡದ್ದೆಲ್ಲಾ ತಿರಿಗಿ ಬಾರದ್ದಲ್ಲ. ನಮ್ಮ ಕಿವಿಯ ಕಣಗಳು ಹುಟ್ಟಲಾರವು, ನಿಜ. ಆದರೂ ಕಿವಿಗೆ ಇಡುವ ಯಂತ್ರದಿಂದ ಅನೇಕರಿಗೆ ಸಹಾಯವಾಗುತ್ತದೆ. ಕಣ್ಣಿನ ಪೊರೆಯಾದರೋ ತೆಗೆಯತಕ್ಕ ವ್ಯಾಧಿಯೇ. ಮಂಜಾದ ಮಸೂರವನ್ನು ಹೊರಗೆ ತೆಗೆದು ತಿಳಿಯಾದ ಹೊಸ ಮಸೂರವನ್ನು ಇಡುತ್ತಾರೆ; ಇದು ಹೆಚ್ಚು ಹೊತ್ತಿನ ಕೆಲಸವಲ್ಲ. ವಯಸ್ಸಾಯಿತು, ಇನ್ನೇನು ನೋಡುವದಿದೆ ಎಂದು ಮನೆಯವರೂ ಮುದುಕರೂ ಸುಮ್ಮನಿರುವದರಿಂದ ಎಷ್ಟೋ ಮಂದಿ ಕಾರಣವಿಲ್ಲದೆ ಕುರುಡರಾಗಿ ಕುಳಿತಿದ್ದಾರೆ. ಇದು ನಮ್ಮ ಸಭೆಗಳಿಗೆ ನಾಚಿಕೆಯ ಸಂಗತಿ. ಅಜ್ಜನವರು ಸಹ ಮೊದಲು ಒಪ್ಪಲಿಲ್ಲ. ತಂತಿಯ ಮೇಲಿನ ಹಕ್ಕಿಗಳನ್ನು ತಾವೇ ಎಣಿಸಬೇಕೆಂಬ ಆಸೆಯು ಹುಟ್ಟಿದ ಮೇಲೆ ಒಪ್ಪಿದರು. ಜನವರಿಯಲ್ಲಿ ತಾಲೂಕಿನ ಆಸ್ಪತ್ರೆಯಲ್ಲಿ ಅವರ ಬಲಗಣ್ಣಿನ ಪೊರೆಯನ್ನು ತೆಗೆದರು.

ಪಟ್ಟಿಯನ್ನು ಬಿಚ್ಚಿದ ಮೇಲೆ ಅವರನ್ನು ನೋಡಲು ನಾವು ಹೋಗಿದ್ದೆವು. ಅವರು ತಮ್ಮ ಧೋತರದ ಸೆರಗನ್ನು ಹಿಡಿದುಕೊಂಡು ನೋಡುತ್ತಾ ಕುಳಿತಿದ್ದರು. "ಅಯ್ಯನವರೇ, ಇದಕ್ಕೆ ಇಷ್ಟು ನೀಲಿ ಹಾಕಿದವರು ಯಾರು?" ಅಂದರು. ಬಳಿಕ ಹೊಸ ಕಣ್ಣನ್ನು ಕೈಯಿಂದ ಮುಚ್ಚಿ ಹಳೆಯ ಕಣ್ಣಿನಿಂದ ನೋಡಿದರು, ತಿರಿಗಿ ಹಳೆಯದನ್ನು ಮುಚ್ಚಿ ಹೊಸದರಿಂದ ನೋಡಿದರು. ಹೀಗೆ ನಾಲ್ಕೈದು ಸಾರಿ ಮಾಡಿದರು. ಮಾತಾಡಲಿಲ್ಲ. ಕಣ್ಣಿನ ಮಸೂರವು ಮುಪ್ಪಿನಲ್ಲಿ ಮಂಜಾಗುವದು ಮಾತ್ರವಲ್ಲ, ಹಳದಿಗಟ್ಟುತ್ತದೆ. ನೀಲಿ ಬೆಳಕನ್ನು ಒಳಗೆ ಬಿಡುವದಿಲ್ಲ. ಇದು ವರುಷಗಟ್ಟಲೆ ಎಷ್ಟು ಮೆಲ್ಲಗೆ ನಡೆಯುತ್ತದೆಂದರೆ, ಹಳದಿಯಾದದ್ದು ತನ್ನ ಕಣ್ಣೆಂದು ಯಾರಿಗೂ ತೋಚದು. ಲೋಕವೇ ಹಳದಿಯಾಯಿತೆಂದು ತೋರುತ್ತದೆ. ಧೋತರವು ಆರು ವರುಷದಿಂದಲೂ ಬೆಳ್ಳಗೇ ಇತ್ತು.

ಸೊಸೆಯು ಅಂಬಲಿಯನ್ನು ತಂದಿಟ್ಟಳು. ಅಜ್ಜನವರು ಆಕೆಯ ಮುಖವನ್ನು ನೋಡದೆ, "ಚೆನ್ನಾಗಿ ಒಗೆದಿದ್ದೀ ತಾಯಿ" ಅಂದರು. ಆಕೆಯು ಒಳಗೆ ಹೋದಳು. ಅಡಿಗೆಯ ಮನೆಯಲ್ಲಿ ಬಹಳ ಹೊತ್ತಿನ ವರೆಗೆ ಪಾತ್ರೆಯ ಸಪ್ಪಳವು ಕೇಳಿಸಲಿಲ್ಲ. ಅಥವಾ ಅದು ಇದ್ದು ನಮ್ಮ ಕಿವಿಗೆ ಕೇಳಿಸದೆ ಹೋಯಿತೋ, ಹೇಳಲಾರೆವು.

ಈ ತಿಂಗಳ ಮನೆಕೂಟಗಳಲ್ಲಿ ನಿಮ್ಮ ಮನೆಯ ಹಿರಿಯರನ್ನು ನಡುವೆ ಕೂಡ್ರಿಸಿ ಕೇಳಿರಿ: ನೀವು ಚಿಕ್ಕವರಾಗಿದ್ದಾಗ ಈ ಊರಲ್ಲಿ ಇದ್ದು ಈಗ ಕಾಣದ ಹಕ್ಕಿ ಯಾವದು? ಯಾವ ಮಳೆಗೆ ಯಾವ ಹುಳ ಹೊರಡುತ್ತಿತ್ತು? ಅವರು ಹೇಳುವದನ್ನು ಮಕ್ಕಳು ಬರೆದುಕೊಳ್ಳಲಿ. ವೈಟರು ಎಣಿಸಿದ ಜಾತಿಯ ಬಾನಾಡಿಗಳು ಇಂಗ್ಲೆಂಡಿನಲ್ಲಿ ಬಹಳ ಕಡಿಮೆಯಾಗಿ, 2021ರಲ್ಲಿ ಅವುಗಳನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಹಿಂದೆ ಎಣಿಸಿಟ್ಟವರು ಇದ್ದುದರಿಂದಲ್ಲವೇ ಕಡಿಮೆಯಾದದ್ದು ತಿಳಿಯುತ್ತದೆ?

ಹೋದ ಭಾನುವಾರ ಅಜ್ಜನವರಿಗೆ ಆಮೆಯ ಕಥೆಯನ್ನು ಹೇಳಿದೆವು. "ಪಾದ್ರಿಗಳು ತೀರಿಕೊಂಡ ಮೇಲೆ ಅದಕ್ಕೆ ಮೇವು ಹಾಕಿದವರು ಯಾರು?" ಎಂದು ಅವರು ಕೇಳಿದರು. ಅದು ಮುಂದಿನ ವಸಂತದ ವರೆಗೆ ಬದುಕಿತ್ತೆಂತಲೂ, ಗಂಡೆಂದು ತಿಳಿದು ಗಂಡಿನ ಹೆಸರಿಟ್ಟಿದ್ದ ಅದು ಹೆಣ್ಣೆಂದು ಅನಂತರ ಗೊತ್ತಾಯಿತೆಂತಲೂ, ಚಿಪ್ಪು ಲಂಡನಿನ ವಸ್ತುಸಂಗ್ರಹಾಲಯದಲ್ಲಿ ಇದೆಯೆಂತಲೂ ಹೇಳಿದೆವು. ಹೆಣ್ಣೆಂದು ಕೇಳಿ ಮೊಮ್ಮಗನು ಬಿದ್ದು ಬಿದ್ದು ನಕ್ಕನು. ಅಜ್ಜನವರು ನಗಲಿಲ್ಲ. ಅವರ ಲಕ್ಷ್ಯವು ಆಗಲೇ ಗೋಡೆಯ ಕಡೆಗೆ ಹೋಗಿತ್ತು. ಬೆಳಿಗ್ಗೆ ಮೂಡಣ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಆ ಗೋಡೆಯ ಮೇಲೆ ಬೀಳುತ್ತದೆ. ಕ್ರಿಸ್ಮಸ್ಸಿನ ವೇಳೆಗೆ ಅದು ಉತ್ತರದ ಕಡೆಗೆ ಎಲ್ಲಿಯ ವರೆಗೆ ಸರಿದಿತ್ತೋ ಅಲ್ಲಿ ಹುಡುಗನಿಂದ ಇದ್ದಲಿನ ಗೆರೆಯನ್ನು ಹಾಕಿಸಿದ್ದರು. ಈಗ ಎದ್ದು ಹೋಗಿ, ಗೋಡೆಗೆ ಅಂಗೈಯಿಟ್ಟು ಅಳೆದು ನೋಡಿ, "ನಾಲ್ಕು ಬೆರಳು ದಕ್ಷಿಣಕ್ಕೆ ಬಂದಿದೆ, ಬರೆದುಕೋ" ಅಂದರು.